ವಿಟಮಿನ್ ಡಬ್ಬಿ ಕೊಳ್ಳುವ ಮುಂಚೆ ಉಪ್ಪಿನ ಡಬ್ಬಿ ನೋಡಿ

‘ಈ ವಿಟಮಿನ್ ತಗೊಂಡರೆ ಹೊಟ್ಟೆಯ ಕ್ಯಾನ್ಸರ್ ಹತ್ತಿರವೂ ಸುಳಿಯಲ್ಲ’ ಅನ್ನೋ ಮೆಸೇಜ್ ನಿಮಗೂ ಬಂದಿರುತ್ತದೆ. ಕಳಿಸುವವರು ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಅದನ್ನು ನಂಬಿ ಮಾತ್ರೆಗಳಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆ ಮಾತು ಪೂರ್ತಿ ಗಾಳಿಸುದ್ದಿಯೇನಲ್ಲ. ಚೀನಾದ ಲಿನ್‌ಶಿಯನ್‌ನಲ್ಲಿ 1986ರಿಂದ 1991ರವರೆಗೆ ಸುಮಾರು 30,000 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಬೀಟಾ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು), ವಿಟಮಿನ್ ಇ, ಸೆಲೆನಿಯಮ್ ಅನ್ನುವ ಖನಿಜ, ಈ ಮೂರನ್ನೂ ಒಟ್ಟಿಗೆ ತಗೊಂಡವರಲ್ಲಿ ಜಠರದ ಕ್ಯಾನ್ಸರ್‌ನಿಂದಾದ ಸಾವು ಶೇ. 21ರಷ್ಟು ಕಡಿಮೆಯಾಯಿತು. ದೊಡ್ಡ ವಿಷಯವೇ. ಆದರೆ ಅಲ್ಲಿನವರ ಊಟದಲ್ಲಿ ಹಲವು ಪೋಷಕಾಂಶಗಳೇ ಕಮ್ಮಿ ಇದ್ದವು. ಕೊರತೆ ನೀಗಿದ್ದಕ್ಕೆ ಸಿಕ್ಕ ಫಲ ಅದು. ಚೆನ್ನಾಗಿ ಉಣ್ಣುವವರಿಗೂ ಹಾಗೇ ಆಗುತ್ತದೆ ಅನ್ನಲು ಬರುವುದಿಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಅದೇ ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದರು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಯಿತು! 1994ರಲ್ಲಿ ಹೊರಬಂದ ಫಲಿತಾಂಶ ಇದು. ಈ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಗಾದರೆ ಊಟಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲವಾ? ಖಂಡಿತ ಇದೆ. ಮೊದಲ ಹೆಸರು ಉಪ್ಪು. ಜಠರದ ಒಳಗೋಡೆಗೆ ಲೋಳೆಯ ಹೊದಿಕೆ ಇರುತ್ತದೆ. ಅತಿಯಾದ ಉಪ್ಪು ಅದನ್ನು ಕೆಡಿಸುತ್ತದೆ. ಆಗ ಹೆಲಿಕೊಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾಗೆ ಕೆಲಸ ಸಲೀಸು. ಜಠರದ ಕ್ಯಾನ್ಸರ್‌ಗೆ ಅತಿ ದೊಡ್ಡ ಕಾರಣ ಈ ಸೋಂಕೇ. ವರ್ಷಗಟ್ಟಲೆ ಒಳಗೆ ಉರಿಯೂತ ಇದ್ದು, ಗೋಡೆ ಸವೆದು, ನಿಧಾನವಾಗಿ ಜೀವಕೋಶಗಳು ದಾರಿ ತಪ್ಪುತ್ತವೆ. ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚಕ್ಕಿಂತ ಕಡಿಮೆ. ಪ್ಯಾಕೆಟ್ ತಿಂಡಿಯಲ್ಲಿ ಅಡಗಿರುವುದೂ ಇದೇ ಲೆಕ್ಕಕ್ಕೆ ಸೇರಬೇಕು.

ವಿಟಮಿನ್ ಸಿ ವಿಷಯ ನನಗೆ ತುಂಬಾ ಕುತೂಹಲದ್ದು. ಸಂಸ್ಕರಿಸಿದ ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಜಠರದಲ್ಲಿ ಕ್ಯಾನ್ಸರ್‌ಕಾರಕ ನೈಟ್ರೋಸೋ ಸಂಯುಕ್ತಗಳಾಗಬಹುದು. ವಿಟಮಿನ್ ಸಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಆದರೆ ಸೋಂಕು ತಗುಲಿದ ಜಠರದ ರಸದಲ್ಲಿ ಅದೇ ವಿಟಮಿನ್ ಕಮ್ಮಿಯಾಗಿಬಿಡುತ್ತದೆ. ಕಾವಲುಗಾರ ಬೇಕಾದ ಕಡೆಯೇ ಇರುವುದಿಲ್ಲ. ಅದಕ್ಕೇ ಹಣ್ಣು, ತರಕಾರಿ ತಿನ್ನಿ ಅನ್ನುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಬೇಡಿ.

ಚೀನಾದ್ದೇ ಇನ್ನೊಂದು ಪ್ರಯೋಗ ಲಿನ್‌ಚೂ ಎಂಬಲ್ಲಿ ನಡೆಯಿತು. ಪೈಲೋರಿ ಸೋಂಕಿದ್ದವರಿಗೆ ಅದನ್ನು ಹೋಗಲಾಡಿಸಲು ಬರೀ 2 ವಾರ ಔಷಧಿ ಕೊಟ್ಟಿದ್ದರು. 22 ವರ್ಷಗಳ ನಂತರ ಲೆಕ್ಕ ಹಾಕಿದಾಗಲೂ ಅವರಲ್ಲಿ ಕ್ಯಾನ್ಸರ್ ಕಡಿಮೆಯೇ ಇತ್ತು. ವಿಟಮಿನ್ ಮಾತ್ರೆ ತಗೊಂಡ ಗುಂಪಿಗೂ ಲಾಭವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಅದನ್ನು 7 ವರ್ಷ ತಗೊಂಡಿದ್ದರು.

ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ದಯವಿಟ್ಟು ಡಾಕ್ಟರ್ ಹತ್ತಿರ ಪೈಲೋರಿ ಪರೀಕ್ಷೆಯ ಬಗ್ಗೆ ಕೇಳಿ. ಉಸಿರು ಅಥವಾ ಮಲದ ಪರೀಕ್ಷೆಯಲ್ಲೇ ಸೋಂಕು ಗೊತ್ತಾಗುತ್ತದೆ. ಮುಂದಿನ ಸಲ ಆ ಮೆಸೇಜ್ ಬಂದಾಗ, ಕಳಿಸಿದವರಿಗೂ ಇದನ್ನು ತಿಳಿಸಿ.