ಗದ್ದಕ್ಕೂ ಶೇಕಡಾ 18

ಮದುವೆಯ ಹಂಗಾಮು ಹತ್ತಿರವಾದೊಡನೆ ಮೊಬೈಲಿನಲ್ಲಿ ಮುತ್ತಿಕೊಳ್ಳುವ ಜಾಹೀರಾತುಗಳನ್ನು ನಂಬುವುದಾದರೆ, ಬೆಂಗಳೂರಿನಲ್ಲಿ ಇನ್ನು ಯಾರೂ ಹೆತ್ತವರು ಕೊಟ್ಟ ಗದ್ದವನ್ನೇ ಹೊತ್ತು ಮಂಟಪ ಏರಬೇಕಾಗಿಲ್ಲ. ಶುಕ್ರವಾರ ಸಂಜೆ ಆಸ್ಪತ್ರೆಗೆ ಹೋದರೆ ಸೋಮವಾರ ಬೆಳಿಗ್ಗೆ ಹೊಸ ದವಡೆಯೊಂದಿಗೆ ಕಚೇರಿಗೆ ಹಾಜರಾಗಬಹುದು. ಹಣವನ್ನು ಸುಲಭ ಕಂತುಗಳಲ್ಲಿ ತೀರಿಸಬಹುದು. ಫ್ರಿಜ್ಜು, ಸ್ಕೂಟರುಗಳ ಸಾಲಿಗೆ ಕೆನ್ನೆಯ ಮೂಳೆಯೂ ಸೇರಿಕೊಂಡಿರುವುದನ್ನು ನಾಡಿನ ಪ್ರಗತಿಯೆಂದೇ ಭಾವಿಸೋಣ.

ಆ ಸೋಮವಾರದ ನಿಜವಾದ ಚಿತ್ರ ಸಿಗುವುದು ಒಪ್ಪಿಗೆ ಪತ್ರದ ಸಣ್ಣ ಅಕ್ಷರಗಳಲ್ಲಿ. ಕೆಳದುಟಿಯ ಒಳಗೋ ಗದ್ದದ ಅಡಿಯಲ್ಲೋ ಕೊಯ್ದು, ಮೂಳೆಯ ಮೇಲೆ ಜಾಗ ಮಾಡಿ, ಗಟ್ಟಿ ಸಿಲಿಕೋನಿನ ತುಂಡನ್ನೋ ರಂಧ್ರಮಯ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡನ್ನೋ ಕೂರಿಸುತ್ತಾರೆ. ಮೊದಲ ಎರಡು ಮೂರು ದಿನ ಮುಖ ಊದುತ್ತಲೇ ಹೋಗುತ್ತದೆ. ತಲೆ ಎತ್ತರಿಸಿ ಮಲಗಬೇಕು, ಗಂಜಿ, ಮೊಸರನ್ನ ಉಣ್ಣಬೇಕು. ತುಟಿ ಜೋಮು ಹಿಡಿದಂತೆ ಇರಬಹುದು, ಆಕಾರ ಪೂರ್ತಿ ನೆಲೆಗೊಳ್ಳಲು ತಿಂಗಳುಗಳೇ ಬೇಕಾಗಬಹುದು. ಸೋಂಕು ತಗುಲಿದರೆ ತುಂಡನ್ನು ಹೊರತೆಗೆಯಬೇಕಾಗಬಹುದು, ಅದು ಕೂರಿಸಿದ ಜಾಗದಿಂದ ಜರುಗಲೂಬಹುದು, ಕೆಲವರಲ್ಲಿ ಅದರ ಅಡಿಯ ಮೂಳೆಯೇ ಸವೆಯಲೂಬಹುದು. ಜಾಹೀರಾತಿನಲ್ಲಿ ಒಂದೂ ಕಾಣದ ‘ಬಹುದು’ಗಳೆಲ್ಲವೂ ಸಹಿ ಹಾಕುವ ಹಾಳೆಯಲ್ಲಿ ಸಾಲಾಗಿ ನಿಂತಿರುತ್ತವೆ.

ಇಷ್ಟೆಲ್ಲದರ ನಡುವೆ ಸೌಂದರ್ಯದ ವಿಷಯದಲ್ಲಿ ಸ್ಪಷ್ಟ ನಿಲುವಿರುವುದು ತೆರಿಗೆ ಇಲಾಖೆಗೆ ಮಾತ್ರ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಆದರೆ ಹುಟ್ಟಿನಿಂದ ಬಂದ ಊನವನ್ನೋ ಗಾಯದಿಂದಾದ ವಿಕಾರವನ್ನೋ ಸರಿಪಡಿಸುವುದಕ್ಕಲ್ಲದೆ, ಚೆಂದಕ್ಕಾಗಿಯೇ ಮಾಡಿಸಿಕೊಳ್ಳುವ ಶಸ್ತ್ರಕ್ರಿಯೆಗೆ ಶೇಕಡಾ 18. ವಿಮಾ ಕಂಪನಿಗಳಿಗೂ ಈ ಗೆರೆ ಎಲ್ಲಿದೆಯೆಂಬುದು ಚೆನ್ನಾಗಿಯೇ ಗೊತ್ತು, ಹಣ ಕೊಡದಿರಲು ಅಷ್ಟು ಸಾಕು.

ಈ ಗೆರೆಯ ಮುಂದೆ ಕಾವಸ್ಜಿಯನ್ನು ನಿಲ್ಲಿಸಿ ನೋಡಬೇಕೆನಿಸುತ್ತದೆ. ಮೈಸೂರಿನ ಮೇಲಿನ 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಆತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಇಟ್ಟಿಗೆ ಮಾಡುವ ಜಾತಿಯವನೆಂದು ದಾಖಲಾಗಿರುವ ಒಬ್ಬಾತ ಪುಣೆಯ ಬಳಿ ಅವನ ಹಣೆಯ ಚರ್ಮವನ್ನೇ ಇಳಿಸಿ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಆ ವೃತ್ತಾಂತವನ್ನು ಹೊಸ ಮೂಗಿನ ಚಿತ್ರಸಮೇತ ಅಚ್ಚುಹಾಕಿತು; ಯುರೋಪಿನ ವೈದ್ಯರು ಅದನ್ನು ಓದಿ ಕಲಿತರು. ‘ಮೊದಲು’ ಹೇಗಿದ್ದ ಎಂಬ ಚಿತ್ರವೊಂದಿದ್ದಿದ್ದರೆ ಇಂದಿನ ಇನ್‌ಸ್ಟಾಗ್ರಾಮಿಗೂ ಸಲ್ಲುತ್ತಿತ್ತು. ಕಾವಸ್ಜಿಯದು ಗಾಯವಾದ್ದರಿಂದ ತೆರಿಗೆ ವಿನಾಯಿತಿ ಖಚಿತ. ಮೂಗು ಕಟ್ಟಿದವನ ಪದವಿಯನ್ನು ಕೇಳುವವರಿರಲಿಲ್ಲ, ಮತ್ತು ಈ ಒಂದು ವಿಷಯದಲ್ಲಿ ನಾವು ಪರಂಪರೆಯನ್ನು ನಿಷ್ಠೆಯಿಂದ ಉಳಿಸಿಕೊಂಡಿದ್ದೇವೆ.

ಏಕೆಂದರೆ ಎಂ.ಎಸ್. ಮುಗಿಸಿ ಮತ್ತೆ 3 ವರ್ಷ ಓದಿ ಎಂ.ಸಿಎಚ್. ಎಂಬ ಉನ್ನತ ಪದವಿ ಪಡೆದ ಪ್ಲಾಸ್ಟಿಕ್ ಸರ್ಜನ್ನರ ಫಲಕದ ಪಕ್ಕದಲ್ಲಿಯೇ ‘ಏಸ್ತೆಟಿಕ್ ತಜ್ಞ’ರ, ಅಂದರೆ ಸೌಂದರ್ಯ ತಜ್ಞರ, ಫಲಕವೂ ಅಷ್ಟೇ ದೊಡ್ಡದಾಗಿ ಹೊಳೆಯುತ್ತಿರುತ್ತದೆ, ಮತ್ತು ಯಾರು ಯಾವ ಮುಖಕ್ಕೆ ಕತ್ತಿ ಇಡಬಹುದು ಎಂಬ ಜಗಳ ವೈದ್ಯರ ಸಂಘಗಳ ನಡುವೆಯೇ ತೀರಿಲ್ಲ. ರೋಗಿಗಳನ್ನು ಸೆಳೆಯಲು ವೈದ್ಯರು ಜಾಹೀರಾತು ನೀಡಕೂಡದೆಂದು 2002ರ ವೃತ್ತಿ ನಿಯಮಾವಳಿ ಹೇಳುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿ, ಅದೇ ತಿಂಗಳು ತಡೆಹಿಡಿದು, ತನ್ನ ಚುರುಕುತನವನ್ನು ಸಾಬೀತುಪಡಿಸಿತು.

2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬರು ಜೀವಂತ ಮನೆಗೆ ಮರಳಲಿಲ್ಲ. ಟಿ.ವಿ. ಚರ್ಚೆಗಳಲ್ಲಿ ಹುಡುಗಿಯರ ಸೌಂದರ್ಯದ ಹುಚ್ಚಿನ ಬಗ್ಗೆ ಬೇಕಾದಷ್ಟು ಉಪದೇಶ ಕೇಳಿದೆವು. ದಪ್ಪಗಿದ್ದೀಯ, ಗದ್ದ ಒಳಗೆ ಹೋಗಿದೆ, ಕ್ಯಾಮೆರಾಗೆ ಒಗ್ಗುವುದಿಲ್ಲ ಎಂದು ಅಂಥ ಹುಡುಗಿಯರಿಗೆ ದಿನನಿತ್ಯ ಹೇಳುವವರಿಗೆ ಯಾರೂ ಉಪದೇಶ ಮಾಡಲಿಲ್ಲ. ಸತ್ತವರನ್ನು ಬೈಯುವುದಕ್ಕೆ ಪರವಾನಗಿ ಬೇಕಾಗಿಲ್ಲವಲ್ಲ. ಇದನ್ನು ವ್ಯಂಗ್ಯವಾಗಿ ಬರೆಯಲು ನನಗೆ ಮನಸ್ಸಿಲ್ಲ.

ತೆರಿಗೆ ಅಧಿಕಾರಿಗಳಲ್ಲಿ ಒಂದು ಸಂದೇಹ ನಿವೇದಿಸಿಕೊಳ್ಳುವುದಿದೆ. ಚೆಂದಕ್ಕೆಂದು ಕೂರಿಸಿದ ಗದ್ದ ಜರುಗಿ, ಕೀವುಗಟ್ಟಿ, ಅದನ್ನು ಹೊರತೆಗೆಸಲು ಬಂದವಳದು ಸೌಂದರ್ಯವೋ, ಗಾಯವೋ? ಬಿಲ್ಲು ಬರೆಯುವವರು ಕಾಯುತ್ತಿದ್ದಾರೆ.