ಸ್ಪಷ್ಟನೆ: ಅಮೆರಿಕದ 1,400 ಡಾಲರ್ ಮೆಸೇಜ್ ನಂಬಬೇಡಿ

'ಅಮೆರಿಕದಲ್ಲಿರೋ ನಿವೃತ್ತರಿಗೆ, ಅಂಗವಿಕಲರ ಪಿಂಚಣಿ ಪಡೆಯೋರಿಗೆ ಈಗಲೂ 1,400 ಡಾಲರ್ ಸಿಗುತ್ತೆ, ಲಿಂಕ್ ಒತ್ತಿ ಸೋಶಿಯಲ್ ಸೆಕ್ಯೂರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡೋ ಗುರುತಿನ ಸಂಖ್ಯೆ) ಕೊಡಿ' ಅನ್ನೋ ಮೆಸೇಜ್ ಸುಳ್ಳು. ಆ 1,400 ಡಾಲರ್ 2021ರ ಕೊರೊನಾ ಪರಿಹಾರ. ಅದಕ್ಕೂ ಮೊದಲು ಒಮ್ಮೆ 1,200, ಇನ್ನೊಮ್ಮೆ 600 ಡಾಲರ್ ಕೊಟ್ಟಿದ್ದರು. ತಿಂಗಳ ಪಿಂಚಣಿ ಯಾವ ಖಾತೆಗೆ ಬರುತ್ತಿತ್ತೋ, ಹೆಚ್ಚಿನವರಿಗೆ ಅದೇ ಖಾತೆಗೆ ತಾನಾಗೇ ಬಂದುಬಿಟ್ಟಿತ್ತು, ಅರ್ಜಿಯೇ ಬೇಕಿರಲಿಲ್ಲ. ತಪ್ಪಿಹೋದವರು ತೆರಿಗೆ ರಿಟರ್ನ್ ಹಾಕಿ ಕೇಳಬಹುದಿತ್ತು. ಆ 1,400ಕ್ಕೆ ಕೊನೆ ದಿನ 2025ರ ಏಪ್ರಿಲ್ 15. ಮುಗಿದುಹೋಯ್ತು.

ಅರ್ಹರಿಗೆ ಅಂದು ಬಂದ ಹಣವನ್ನ ವಾಪಸ್ ಕಟ್ಟಬೇಕು ಅನ್ನೋದೂ ಸುಳ್ಳು. ಅರ್ಹರಿಗೆ ಬಂದ ಆ ಹಣಕ್ಕೆ ತೆರಿಗೆಯೂ ಇಲ್ಲ.

ಮಕ್ಕಳ ಜೊತೆ ಅಲ್ಲಿರೋ ಅಪ್ಪ ಅಮ್ಮಂದಿರಿಗೆ ದಯವಿಟ್ಟು ಫೋನ್ ಮಾಡಿ ಹೇಳಿ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಈಗಾಗಲೇ ಕೊಟ್ಟುಬಿಟ್ಟಿದ್ದರೆ ಬೈಯಬೇಡಿ, ತಕ್ಷಣ ಬ್ಯಾಂಕಿಗೆ ತಿಳಿಸಿ.