ಶೀಟಿ ಊದುವವರಿಗೆ ಮಾರ್ಗದರ್ಶಕರೆಂದು ಹೆಸರು

ಮಾರ್ಗದರ್ಶಕ ಎಂಬ ಪದ ಇಷ್ಟು ಅಗ್ಗವಾಗಿದೆಯೆಂದು ಕಳೆದ ಸೆಪ್ಟೆಂಬರ್ ಕೊನೆಯ ಶನಿವಾರದವರೆಗೆ ನನಗೆ ಗೊತ್ತಿರಲಿಲ್ಲ. 'ನುರಿತ ಮಾರ್ಗದರ್ಶಕರೊಡನೆ ಕುದುರೆಮುಖದ ಮಳೆಕಾಡಿನಲ್ಲಿ ನಡಿಗೆ' ಎಂಬ ಜಾಹೀರಾತನ್ನು ನಂಬಿ, ಬೆಂಗಳೂರಿನ ಒಂದು ಚಾರಣ ಸಂಸ್ಥೆಗೆ 4,500 ರೂಪಾಯಿ ಕಟ್ಟಿ, ರಾತ್ರಿಯಿಡೀ ಬಸ್ಸಿನಲ್ಲಿ ಕುತ್ತಿಗೆ ಉಳುಕಿಸಿಕೊಂಡು ಕಳಸದ ಕಡೆಗೆ ಹೋದೆ. ಬೆಳಗಿನ ಜಾವ ತಣ್ಣಗಾದ ಉಪ್ಪಿಟ್ಟು ತಿಂದು, ಮೂಳೆ ಕಳಚುವ ಜೀಪಿನಲ್ಲಿ, ಚಾರಣ ಶುರುವಾಗುವ ಮುಳ್ಳೋಡಿ ತಲುಪಿದಾಗ ನಮ್ಮ ತಂಡದಲ್ಲಿ 46 ಜನರಿದ್ದೇವೆಂದು ತಿಳಿಯಿತು. ಚಾರಣಿಗರ ದಿನದ ಸಂಖ್ಯೆಗೆ ಅರಣ್ಯ ಇಲಾಖೆ ಮಿತಿ ಹಾಕಿದೆ. ಆದರೆ ಆ ಮಿತಿಯೊಳಗೇ ಮದುವೆ ದಿಬ್ಬಣದಂತೆ ಒಂದೇ ತಂಡವಾಗಿ ಹೊರಡುವುದಾದರೆ ಯಾವ ಪ್ರಾಣಿ ತಾನೇ ಹಾದಿಯ ಹತ್ತಿರ ಸುಳಿದೀತು?

ಸಂಸ್ಥೆಯ ಟೀ ಶರ್ಟ್ ತೊಟ್ಟ ಇಬ್ಬರು ಹುಡುಗರು 'ಲೀಡರ್'ಗಳೆಂದು ಪರಿಚಯಿಸಿಕೊಂಡರು. ಅವರು ಕೊಟ್ಟ ಏಕೈಕ ಮಾಹಿತಿಯೆಂದರೆ ಹನ್ನೆರಡು ಗಂಟೆಯೊಳಗೆ ತುದಿ ಮುಟ್ಟಬೇಕು, ನಾಲ್ಕರೊಳಗೆ ಕೆಳಗಿರಬೇಕು ಎಂಬುದು. ಅದಾದ ಮೇಲೆ ರಕ್ತ ಹೀರುವ ಇಂಬಳ (ಜಿಗಣೆ) ಹತ್ತದಿರಲು ಕಾಲುಚೀಲಗಳನ್ನು ಒಂದು ಜೊತೆಗೆ 300 ರೂಪಾಯಿಯಂತೆ ಮಾರಿದರು. ಒಬ್ಬನ ಚೀಲದಿಂದ ಹೊರಟ ಸ್ಪೀಕರಿನ ಹಾಡು ಮೊದಲ ಹಳ್ಳ ದಾಟುವವರೆಗೂ ನಿಲ್ಲಲಿಲ್ಲ. ಹೋಗಿಬರಲು ಇಪ್ಪತ್ತು ಕಿಲೋಮೀಟರಿಗೂ ಮೀರಿದ ಹಾದಿಯಾದ್ದರಿಂದ ಸಮಯದ ಶಿಸ್ತು ಬೇಕೆಂಬುದನ್ನು ನಾನು ಒಪ್ಪುತ್ತೇನೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಹಾದಿ ಬದಿಯ ದೊಡ್ಡ ಮರವೊಂದನ್ನು ತೋರಿಸಿ ಅದು ಯಾವುದೆಂದು ಕೇಳಿದರೆ, "ಅದೆಲ್ಲ ಕಾಡು ಮರ ಸರ್" ಎಂದು ಉತ್ತರಿಸಿ ಶೀಟಿ ಊದುತ್ತ ಮುಂದೆ ನಡೆಯುವವನಿಗೆ ಮಾರ್ಗದರ್ಶಕನ ಸಂಬಳವನ್ನು ನನ್ನ ಜೇಬಿನಿಂದ ಏಕೆ ಕೊಡಬೇಕು?

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಿರುತ್ತಿದ್ದೆ. ನನ್ನ ಹೊಟ್ಟೆ ಉರಿಸಿದ್ದು ಬೇರೆ. ಆ ತಂಡದಲ್ಲಿ ಕಾಡನ್ನು ಬಲ್ಲವರೊಬ್ಬರು ಇದ್ದರು. ಅರವತ್ತರ ಆಸುಪಾಸಿನ, ಆ ಕಡೆಯವರೇ ಆದ ಹಿರಿಯರು. ಅವರನ್ನು ಇಡೀ ಸಾಲಿನ ಕೊನೆಯಲ್ಲಿ, ಸುಸ್ತಾದವರನ್ನು ಎಬ್ಬಿಸಿಕೊಂಡು ಬರುವ ಕೆಲಸಕ್ಕೆ ನಿಲ್ಲಿಸಿದ್ದರು. ಮಂಡಿ ನೋವಿನಿಂದ ನಾನೂ ಹಿಂದುಳಿದದ್ದೇ ನನ್ನ ಪುಣ್ಯ. ನನ್ನ ಹಿಮ್ಮಡಿಗೆ ಕಚ್ಚಿದ್ದ ಇಂಬಳಕ್ಕೆ ಎಲೆಯಡಿಕೆ ಸಂಚಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಮುಟ್ಟಿಸಿ ಬೀಳಿಸಿದವರು, ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಕಾಡಿನೊಳಗೆ ಒಂದು ಮರದ ಬಳಿ ತಾವಾಗಿಯೇ ನಿಂತರು. ಕಾಂಡದ ಮೇಲೆ ಕಂಬಳಿಯಂತೆ ದಪ್ಪಗೆ ಬೆಳೆದಿದ್ದ ಪಾಚಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಅಂದು ಬೆಳಗಿನಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ, ಆದರೂ ಅವರ ಮಣಿಕಟ್ಟಿನವರೆಗೆ ನೀರು ಇಳಿಯಿತು. "ಇದು ಕುಡ್ದು ಇಟ್ಕೊಂಡ ನೀರು ಮಾರಾಯ್ರೆ, ಮಳೆ ಹೋದ ಮೇಲೂ ಹಳ್ಳಕ್ಕೆ ಬಿಡ್ತಾನೇ ಇರ್ತದೆ" ಎಂದರು. ಬೆಟ್ಟದ ಮೈಯೆಲ್ಲ ಹುಲ್ಲು, ಗಾಳಿಯ ಹೊಡೆತ ತಗ್ಗಿ ಮಣ್ಣೂ ನೀರೂ ನಿಲ್ಲುವ ಮಡಿಕೆಗಳಲ್ಲಿ ಮಾತ್ರ ಮರಗಳು ಏಕಿವೆಯೆಂದು ಕೈ ಚಾಚಿ ತೋರಿಸಿದರು. ತುಂಗಾ, ಭದ್ರಾ, ನೇತ್ರಾವತಿಗಳು ಈ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೇ ಹುಟ್ಟುತ್ತವೆಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ, ಹುಟ್ಟುವುದೆಂದರೆ ಏನೆಂದು ಆ ಹೆಬ್ಬೆರಳು ತೋರಿಸಿತು.

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿದ್ದ ಕಾಲದಲ್ಲಿ ಭದ್ರೆಗೆ ಕೆಂಪು ಕೆಸರು ಬರುತ್ತಿದ್ದ ವಿಷಯವನ್ನು ಅವರು ಹೇಳತೊಡಗಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಅದಿರು ತೆಗೆಯುವುದು ನಿಂತಿತೆಂದು ನಾನು ಓದಿದ್ದೆ, ಅಷ್ಟೇ. ಅದನ್ನು ಕಣ್ಣಾರೆ ಕಂಡವರ ಬಾಯಿಂದ ಕೇಳುವ ಅವಕಾಶ ಎಷ್ಟು ಸಲ ಸಿಗುತ್ತದೆ? ಮಾತು ಅಲ್ಲಿಗೆ ಬರುವಷ್ಟರಲ್ಲಿ ಮೇಲಿನಿಂದ ಶೀಟಿ ಕೇಳಿತು. "ಅಜ್ಜ, ಅವರನ್ನು ಬೇಗ ಕರ್ಕೊಂಡು ಬನ್ನಿ" ಎಂದು ಮೊಮ್ಮಗನ ವಯಸ್ಸಿನ ಆ ಹುಡುಗ ಕೂಗಿದ. ಅವರು ಅರ್ಧಕ್ಕೆ ಮಾತು ನಿಲ್ಲಿಸಿ, ತಪ್ಪು ಮಾಡಿದವರಂತೆ ನಕ್ಕು, ನನ್ನ ಚೀಲ ಎತ್ತಿಕೊಂಡರು. ಆ ದಿನದ ಕೂಲಿ ಯಾರ ಕೈಯಲ್ಲಿತ್ತೆಂಬುದು ಆ ನಗುವಿನಲ್ಲಿಯೇ ಇತ್ತು.

1894 ಮೀಟರ್ ಎತ್ತರದ ತುದಿಯಲ್ಲಿ ಕೈಯಳತೆಯಾಚೆ ಏನೂ ಕಾಣದಷ್ಟು ಮಂಜು ಮುಸುಕಿತ್ತು. ಮಂಜು ಯಾರ ತಪ್ಪೂ ಅಲ್ಲ, ಮಲೆನಾಡಿಗೆ ಹೋಗುವವನು ಅದಕ್ಕೆ ಸಿದ್ಧನಾಗಿಯೇ ಹೋಗಬೇಕು. ಆದರೆ ನೋಡಲು ಏನೂ ಇಲ್ಲದ ಆ ಜಾಗದಲ್ಲಿ, ಒಂದು ಬಂಡೆಯ ಮೇಲೆ ಸರದಿಯಲ್ಲಿ ನಿಂತು ಬಿಳಿ ಗೋಡೆಯ ಮುಂದೆ ತೆಗೆದಂಥ ಫೋಟೋಗಳಿಗೆ ಮುಕ್ಕಾಲು ಗಂಟೆ ಸಿಕ್ಕಿತು. ನೋಡಲು ಎಲ್ಲವೂ ಇದ್ದ ಕಾಡಿನಲ್ಲಿ ಐದು ನಿಮಿಷ ನಿಲ್ಲಲು ಸಮಯವಿರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಐದು ನಕ್ಷತ್ರದ ವಿಮರ್ಶೆ ಬರೆಯುವಂತೆ ಕೇಳಿದರು. ನಾನು ಎರಡು ಕೊಟ್ಟು, ತಂಡವನ್ನು ಹತ್ತು ಹನ್ನೆರಡು ಜನರಿಗೆ ಇಳಿಸಿ, ಆ ಹಿರಿಯರನ್ನು ಸಾಲಿನ ಮುಂದೆ ನಿಲ್ಲಿಸಿ, ಅವರಿಗೆ ತಕ್ಕ ಹಣ ಕೊಡಿ ಎಂದು ಒಂದು ಪುಟದಷ್ಟು ಬರೆದೆ. ಎರಡು ದಿನಗಳ ನಂತರ ಉತ್ತರ ಬಂತು: ಹವಾಮಾನದಿಂದಾಗಿ ನೋಟ ಸಿಗದಿದ್ದುದಕ್ಕೆ ವಿಷಾದವಿದೆ, ಹಣ ಹಿಂತಿರುಗಿಸಲು ಅವಕಾಶವಿಲ್ಲ, ಮುಂದಿನ ಚಾರಣಕ್ಕೆ ಶೇಕಡ 10 ರಿಯಾಯಿತಿ ನೀಡಲಾಗುವುದು.